ಪಂಚೇಂದ್ರಿಯಗಳು ಮತ್ತು ಗ್ರಾಹಕನ ವಿಶ್ವಾಸ

ಮನುಷ್ಯನು ಹೊರಜಗತ್ತನ್ನು ಅರಿಯುವುದು ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮಗಳೆಂಬ ಪಂಚೇಂದ್ರಿಯಗಳ ಮೂಲಕ. ಅಂಗಡಿಯಲ್ಲಿ ವಸ್ತುವನ್ನು ಆಯುವಾಗಲೂ ಗ್ರಾಹಕನು ಮೊದಲು ನಂಬುವುದು ಇವುಗಳ ಸಾಕ್ಷ್ಯವನ್ನೇ. ವಸ್ತುವಿನ ಬಣ್ಣ, ವಾಸನೆ, ಸ್ಪರ್ಶಗಳು ಅವನ ಮನಸ್ಸಿನಲ್ಲಿ ಒಂದು ಅಭಿಪ್ರಾಯವನ್ನು ಮೂಡಿಸುತ್ತವೆ. ಅದೇ ಅನುಭವ ಪುನಃ ಪುನಃ ದೊರೆತಾಗ ಆ ಅಭಿಪ್ರಾಯವು ವಿಶ್ವಾಸವಾಗಿ ಬೆಳೆಯುತ್ತದೆ. ಮಾರುಕಟ್ಟೆಯಲ್ಲಿ ಒಂದು ಹೆಸರಿಗೆ ದೊರೆಯುವ ಮನ್ನಣೆಗೆ ಈ ವಿಶ್ವಾಸವೇ ಆಧಾರ.

ಮುಂಬಯಿಯ ನಿದರ್ಶನಗಳು

ಮುಂಬಯಿಯ ವಿಲೆ ಪಾರ್ಲೆ ಉಪನಗರದಲ್ಲಿ 1929ರಲ್ಲಿ ಸ್ಥಾಪಿತವಾದ ಪಾರ್ಲೆ ಕಾರ್ಖಾನೆಯ ಬಿಸ್ಕತ್ತಿನ ಕಂಪು, ಪಶ್ಚಿಮ ರೈಲುಮಾರ್ಗದ ಲೋಕಲ್ ಗಾಡಿಗಳ ಪ್ರಯಾಣಿಕರಿಗೆ ನಿಲ್ದಾಣ ಸಮೀಪಿಸಿತೆಂದು ತಿಳಿಸುತ್ತಿತ್ತು. 2016ರಲ್ಲಿ ಅಲ್ಲಿ ಉತ್ಪಾದನೆ ನಿಂತರೂ ಆ ಕಂಪಿನ ನೆನಪು ನಗರವಾಸಿಗಳಲ್ಲಿ ಉಳಿದಿದೆ. ವಾಸನೆಯನ್ನು ಗ್ರಹಿಸುವ ನರಗಳಿಗೂ ಮೆದುಳಿನಲ್ಲಿ ನೆನಪು ಮತ್ತು ಭಾವನೆಗಳಿಗೆ ಸಂಬಂಧಿಸಿದ ಭಾಗಗಳಿಗೂ ನಿಕಟ ಸಂಪರ್ಕವಿರುವುದು ಇದಕ್ಕೆ ಒಂದು ಕಾರಣ.

ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮತ್ತೊಂದು ನಿದರ್ಶನ. ಬಾಳೆಯೆಲೆಯ ಹಸುರು, ಬಿಸಿ ಸಾರಿನ ಪರಿಮಳ, ಕೈಯಿಂದ ಕಲಸಿ ಉಣ್ಣುವ ಅನ್ನದ ಹದ ಇವೆಲ್ಲವೂ ಕೂಡಿ, ಊರಿನಿಂದ ದೂರವಿರುವ ಕನ್ನಡಿಗನಿಗೆ ಯಾವ ಜಾಹೀರಾತೂ ನೀಡಲಾಗದ ಭರವಸೆಯನ್ನು ನೀಡುತ್ತವೆ.

ಕಾನೂನಿನ ಮನ್ನಣೆ

ಇಂದ್ರಿಯಗಳಿಗೆ ಗೋಚರಿಸುವ ಇಂತಹ ಗುರುತುಗಳಲ್ಲಿ ಕೆಲವಕ್ಕೆ ಕಾನೂನಿನ ರಕ್ಷಣೆಯೂ ಇದೆ. 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದ ಪ್ರಕಾರ ವಸ್ತುವಿನ ಆಕಾರ, ಹೊದಿಕೆ ಮತ್ತು ಬಣ್ಣಗಳ ಸಂಯೋಜನೆಗಳೂ ವ್ಯಾಪಾರ ಚಿಹ್ನೆಗಳಾಗಬಲ್ಲವು. ಮುಂಬಯಿಯ ತಾಜ್ ಮಹಲ್ ಪ್ಯಾಲೇಸ್ ಹೋಟೆಲಿನ ಕಟ್ಟಡದ ಚಿತ್ರವು 2017ರಲ್ಲಿ ಹೀಗೆ ನೋಂದಣಿಯಾಯಿತು. ಅದೇ ವರ್ಷದ ನಿಯಮಗಳು, 30 ಸೆಕೆಂಡುಗಳನ್ನು ಮೀರದ ಧ್ವನಿಯನ್ನು ಚಿಹ್ನೆಯಾಗಿ ನೋಂದಾಯಿಸುವ ವಿಧಾನವನ್ನು ಸ್ಪಷ್ಟಪಡಿಸಿದವು.

ಇಂದ್ರಿಯಗಳ ಮಿತಿ

ಆದರೆ ಗ್ರಾಹಕನ ವಿಶ್ವಾಸ ಎಲ್ಲಿ ನೆಲೆಸಿದೆಯೋ ವಂಚಕನ ದೃಷ್ಟಿಯೂ ಅಲ್ಲಿಯೇ ಇರುತ್ತದೆ. ಹೆಸರಾಂತ ವಸ್ತುವಿನ ಬಣ್ಣವನ್ನೂ ಅಕ್ಷರಗಳ ರೂಪವನ್ನೂ ಅನುಕರಿಸಿದ ಪೊಟ್ಟಣವು ಅವಸರದಲ್ಲಿರುವ ಕಣ್ಣನ್ನು ಸುಲಭವಾಗಿ ಮೋಸಗೊಳಿಸಬಲ್ಲದು. ಕಲಬೆರಕೆಯ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಮೆಟಾನಿಲ್ ಹಳದಿ ಎಂಬ ಬಣ್ಣವನ್ನು ಆಹಾರದಲ್ಲಿ ಬಳಸಲು ಅನುಮತಿಯಿಲ್ಲ. ಆದರೂ ಅದನ್ನು ಬೆರೆಸಿದ ಅರಿಸಿನ ಅಥವಾ ತೊಗರಿಬೇಳೆ, ಶುದ್ಧ ಪದಾರ್ಥಕ್ಕಿಂತಲೂ ಅಂದವಾಗಿ ಕಾಣಬಹುದು. ಇಲ್ಲಿ ಕಣ್ಣು ಮೆಚ್ಚುವ ಹೊಳಪೇ ಆರೋಗ್ಯಕ್ಕೆ ಹಾನಿಕರ.

ಆದುದರಿಂದ ಗ್ರಾಹಕನು ಇಂದ್ರಿಯಗಳ ಸಾಕ್ಷ್ಯದೊಡನೆ ಲಿಖಿತ ಸಾಕ್ಷ್ಯವನ್ನೂ ಪರಿಶೀಲಿಸಬೇಕು. ಪೊಟ್ಟಣದ ಮೇಲಿನ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ತಯಾರಿಕೆಯ ದಿನಾಂಕ, ಗರಿಷ್ಠ ಚಿಲ್ಲರೆ ಮಾರಾಟ ಬೆಲೆ ಹಾಗೂ ಆಹಾರ ಪದಾರ್ಥವಾದರೆ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ಓದಿ ನೋಡಬೇಕು. ಬಿಡಿಯಾಗಿ ಮಾರುವ ಅರಿಸಿನ ಪುಡಿಯ ಬಣ್ಣಕ್ಕೆ ಮರುಳಾಗದೆ, ಅರಿಸಿನದ ಕೊಂಬನ್ನು ಕೊಂಡು ಪುಡಿ ಮಾಡಿಸುವುದು ಲೇಸು. ಕೊಂಡ ವಸ್ತುವಿಗೆ ರಸೀದಿ ಪಡೆಯುವುದನ್ನು ಮರೆಯಬಾರದು. ವಂಚನೆಗೊಳಗಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದನ್ವಯ ಜಿಲ್ಲಾ ಆಯೋಗಕ್ಕೆ ದೂರನ್ನೂ ಸಲ್ಲಿಸಬಹುದು.

ಮೂಗು ಮೆಚ್ಚಿದ್ದನ್ನು, ಕಣ್ಣು ಒಪ್ಪಿದ್ದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಹಣ ಕೊಡುವ ಮುನ್ನ ಒಮ್ಮೆ ಓದಿ ನೋಡುವುದು ಜಾಣತನ.