ಉಲ್ಕಾಲೋಹದ ಅಪೂರ್ವ ಖನಿಜ: ಟೆಟ್ರಾಟೀನೈಟ್

ಕಬ್ಬಿಣವೂ ನಿಕಲ್ಲೂ ಮಾನವನಿಗೆ ಸುಪರಿಚಿತವಾದ ಲೋಹಗಳು. ಇವೆರಡನ್ನೂ ಬೇಕಾದ ಪ್ರಮಾಣದಲ್ಲಿ ಕರಗಿಸಿ, ಬೆರೆಸಿ, ಮಿಶ್ರಲೋಹವನ್ನು ತಯಾರಿಸುವ ವಿದ್ಯೆ ಕಾರ್ಖಾನೆಗಳಿಗೆ ಹೊಸದೇನೂ ಅಲ್ಲ. ಆದರೂ ಇದೇ ಎರಡು ಲೋಹಗಳು ಸುಮಾರು ಸಮಭಾಗವಾಗಿ ಕೂಡಿ ಆಗಿರುವ ಒಂದು ಖನಿಜವನ್ನು ಯಾವ ಕುಲುಮೆಯೂ ಸುಲಭವಾಗಿ ಮಾಡಿಕೊಡಲಾರದು. ಅದು ದೊರೆಯುವುದು ಪ್ರಧಾನವಾಗಿ ಆಕಾಶದಿಂದ ಬಿದ್ದ ಉಲ್ಕಾಪಿಂಡಗಳಲ್ಲಿ. ಅದರ ಹೆಸರು ಟೆಟ್ರಾಟೀನೈಟ್. ಈ ಖನಿಜದ ದ್ರವ್ಯದಲ್ಲಿ ಅಪೂರ್ವವಾದುದು ಏನೂ ಇಲ್ಲ; ಅಪೂರ್ವವಾಗಿರುವುದು ಅದರ ಪರಮಾಣುಗಳ ಜೋಡಣೆ ಮಾತ್ರ. ಆ ಜೋಡಣೆ ಹೇಗೆ ಒದಗಿತು, ಅದರಿಂದ ಯಾವ ಗುಣ ಪ್ರಾಪ್ತವಾಯಿತು, ಅದನ್ನು ಅನುಕರಿಸಲು ಇಂದಿನ ವಿಜ್ಞಾನಿಗಳು ಏಕೆ ಹವಣಿಸುತ್ತಿದ್ದಾರೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಉಲ್ಕಾಲೋಹದ ಸ್ವರೂಪ

ಆಕಾಶದಿಂದ ಕಲ್ಲು ಬೀಳುವುದುಂಟೆಂಬ ಮಾತನ್ನು ಹದಿನೆಂಟನೆಯ ಶತಮಾನದ ಯೂರೋಪಿನ ವಿದ್ವಾಂಸರಲ್ಲಿ ಬಹುಮಂದಿ ನಂಬುತ್ತಿರಲಿಲ್ಲ. ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ 1794ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂತಹ ಲೋಹಪಿಂಡಗಳು ಭೂಮಿಯ ಹೊರಗಿನಿಂದಲೇ ಬಂದವೆಂದು ವಾದಿಸಿದನು. ಅನಂತರ 1804ರಲ್ಲಿ ನೇಪಲ್ಸಿನಲ್ಲಿದ್ದ ವಿಲಿಯಂ ಥಾಮ್ಸನ್, 1808ರಲ್ಲಿ ವಿಯೆನ್ನಾದ ಅಲೋಯಿಸ್ ವಿಡ್‌ಮನ್‌ಸ್ಟೇಟನ್, ಇಬ್ಬರೂ ಪ್ರತ್ಯೇಕವಾಗಿ ಒಂದು ವಿಚಿತ್ರವನ್ನು ಕಂಡರು. ಕಬ್ಬಿಣದ ಉಲ್ಕೆಯೊಂದನ್ನು ಕೊಯ್ದು, ನಯಗೊಳಿಸಿ, ಆಮ್ಲದಲ್ಲಿ ಅದ್ದಿದರೆ ಅಥವಾ ಹದವಾಗಿ ಕಾಯಿಸಿದರೆ, ಅದರ ಮೈಮೇಲೆ ಒಂದನ್ನೊಂದು ಹಾಯ್ದುಹೋಗುವ ಪಟ್ಟಿಗಳ ಅಂದವಾದ ವಿನ್ಯಾಸ ಮೂಡುತ್ತದೆ. ವಿಡ್‌ಮನ್‌ಸ್ಟೇಟನ್ನನ ಹೆಸರಿನಿಂದಲೇ ಅದು ಇಂದಿಗೂ ಪ್ರಸಿದ್ಧವಾಗಿದೆ.

ಈ ಪಟ್ಟಿಗಳು ಎರಡು ಖನಿಜಗಳಿಂದ ಆದವು. ಅಗಲವಾದ ಪಟ್ಟಿಗಳು ಕಮಸೈಟ್. ಇದರಲ್ಲಿ ನಿಕಲ್ಲಿನ ಅಂಶ ಕಡಮೆ. ಅವುಗಳ ಅಂಚಿನಲ್ಲಿ ಎಳೆಯಂತೆ ಹೊಳೆಯುವುದು ಟೀನೈಟ್. ಇದರಲ್ಲಿ ನಿಕಲ್ಲು ಹೆಚ್ಚು. ಪಟ್ಟಿ ಅಥವಾ ರಿಬ್ಬನ್ನು ಎಂಬ ಅರ್ಥದ ಗ್ರೀಕ್ ಶಬ್ದದಿಂದ ಟೀನೈಟ್ ಎಂಬ ಹೆಸರು ಬಂದಿದೆ. ಈ ಟೀನೈಟಿನ ಹೊರ ಅಂಚಿನಲ್ಲಿ, ಬರಿಗಣ್ಣಿಗೆ ಕಾಣದಷ್ಟು ತೆಳುವಾಗಿ ಅಡಗಿರುವುದೇ ಟೆಟ್ರಾಟೀನೈಟ್.

ಖನಿಜವೆಂಬ ಮನ್ನಣೆ

ಇದರ ಚರಿತ್ರೆಯಲ್ಲಿ ಒಂದು ವಿಶೇಷವುಂಟು. ಪ್ರಕೃತಿಯಲ್ಲಿ ಗುರುತಿಸಲ್ಪಡುವುದಕ್ಕೆ ಮೊದಲೇ ಇದು ಪ್ರಯೋಗಾಲಯದಲ್ಲಿ ಕಾಣಿಸಿಕೊಂಡಿತು. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಲೂಯಿ ನೇಲ್ ಮತ್ತು ಅವರ ಸಹೋದ್ಯೋಗಿಗಳು, ಕಬ್ಬಿಣ ಮತ್ತು ನಿಕಲ್ಲುಗಳ ಸಮಮಿಶ್ರಣದ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ, ಅದರ ಪರಮಾಣುಗಳು ಕ್ರಮಬದ್ಧವಾಗಿ ನಿಲ್ಲುವಂತೆ ಮಾಡಿದರು. ಕಾಂತತ್ವದ ಸಂಶೋಧನೆಗಾಗಿ ನೇಲ್ ಅವರಿಗೆ 1970ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅದೇ ಕ್ರಮಬದ್ಧ ರಚನೆ ಉಲ್ಕೆಗಳಲ್ಲಿ ಸಹಜವಾಗಿಯೇ ಇರುವುದು 1970ರ ದಶಕದಲ್ಲಿ ತಿಳಿದುಬಂದಿತು. 1980ರಲ್ಲಿ ಅಮೆರಿಕದ ರಾಯ್ ಕ್ಲಾರ್ಕ್ ಮತ್ತು ಎಡ್ವರ್ಡ್ ಸ್ಕಾಟ್ ಇದನ್ನು ಹೊಸ ಖನಿಜವೆಂದು ವರ್ಣಿಸಿ, ಟೆಟ್ರಾಟೀನೈಟ್ ಎಂದು ಹೆಸರಿಟ್ಟರು. ಹೆಸರಿನ ಮೊದಲ ಭಾಗ ಅದರ ಚತುಷ್ಕೋನೀಯ ಸ್ಫಟಿಕ ರಚನೆಯನ್ನು ಸೂಚಿಸುತ್ತದೆ.

ಸಾಲು ತಪ್ಪದ ಪರಮಾಣುಗಳು

ಸಾಧಾರಣ ಮಿಶ್ರಲೋಹದಲ್ಲಿ ಕಬ್ಬಿಣದ ಮತ್ತು ನಿಕಲ್ಲಿನ ಪರಮಾಣುಗಳು ಕಂಡ ಕಂಡ ಸ್ಥಾನಗಳಲ್ಲಿ ಬೆರೆತಿರುತ್ತವೆ. ಆಟದ ಬಯಲಿನಲ್ಲಿ ಎರಡು ತರಗತಿಗಳ ಮಕ್ಕಳು ಬೆರೆತು ನಿಂತಂತೆ ಅವುಗಳ ಸ್ಥಿತಿ. ಟೆಟ್ರಾಟೀನೈಟಿನಲ್ಲಾದರೋ, ಪ್ರಾರ್ಥನೆಯ ಗಂಟೆ ಬಾರಿಸಿದ ಮೇಲೆ ಒಂದು ತರಗತಿಯ ಸಾಲಿನ ಪಕ್ಕದಲ್ಲಿ ಮತ್ತೊಂದು ತರಗತಿಯ ಸಾಲು ನಿಲ್ಲುವಂತೆ, ಕಬ್ಬಿಣದ ಒಂದು ಪದರ, ಅದರ ಮೇಲೆ ನಿಕಲ್ಲಿನ ಒಂದು ಪದರ, ಮತ್ತೆ ಕಬ್ಬಿಣ, ಮತ್ತೆ ನಿಕಲ್ಲು, ಹೀಗೆ ಸರದಿ ತಪ್ಪದೆ ಜೋಡಣೆಯಾಗಿರುತ್ತದೆ. ಪದರಗಳು ಹೀಗೆ ಪೇರಿಸಿಕೊಂಡಿರುವ ದಿಕ್ಕು ಉಳಿದೆರಡು ದಿಕ್ಕುಗಳಿಂದ ಬೇರೆಯಾಗುತ್ತದೆ. ಖನಿಜದ ಗುಣವೆಲ್ಲಕ್ಕೂ ಈ ಭೇದವೇ ಮೂಲ.

ಹಾಗಾದರೆ ಕಾರ್ಖಾನೆಯಲ್ಲಿ ಈ ಜೋಡಣೆ ಏಕೆ ಒದಗುವುದಿಲ್ಲ? ಇದಕ್ಕೆ ಉತ್ತರ ಉಷ್ಣತೆಯಲ್ಲಿದೆ. ಸುಮಾರು 320 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಪರಮಾಣುಗಳು ಚುರುಕಾಗಿ ಸ್ಥಾನ ಬದಲಿಸಬಲ್ಲವು. ಆದರೆ ಅಲ್ಲಿ ಕ್ರಮಬದ್ಧ ರಚನೆ ನಿಲ್ಲದು. ಅದಕ್ಕಿಂತ ಕಡಮೆ ಉಷ್ಣತೆಯಲ್ಲಿ ಕ್ರಮಬದ್ಧ ರಚನೆಯೇ ಸ್ಥಿರವಾದುದು; ಆದರೆ ಅಷ್ಟರೊಳಗೆ ಪರಮಾಣುಗಳ ಚಲನೆ ಬಹುಮಟ್ಟಿಗೆ ಸ್ತಬ್ಧವಾಗಿರುತ್ತದೆ. 300 ಡಿಗ್ರಿಯ ಸುಮಾರಿನಲ್ಲಿ ಒಂದು ಪರಮಾಣು ತನ್ನ ಸ್ಥಾನದಿಂದ ಪಕ್ಕದ ಸ್ಥಾನಕ್ಕೆ ಜಿಗಿಯಲು ಸಾವಿರಾರು ವರ್ಷಗಳು ಬೇಕಾಗುತ್ತವೆ. ಎಂದರೆ, ಚಲಿಸಲು ಸಾಧ್ಯವಿರುವಾಗ ಕ್ರಮವಿಲ್ಲ; ಕ್ರಮ ಸಾಧ್ಯವಿರುವಾಗ ಚಲನೆಯಿಲ್ಲ. ಈ ತೊಡಕನ್ನು ಬಿಡಿಸುವ ಉಪಾಯ ಪ್ರಕೃತಿಗೆ ಒಂದೇ: ದೀರ್ಘಕಾಲ.

ಆ ಕಾಲ ಉಲ್ಕೆಗಳಿಗೆ ದೊರೆಯಿತು. ಸುಮಾರು 450 ಕೋಟಿ ವರ್ಷಗಳ ಹಿಂದೆ ಸೌರವ್ಯೂಹ ರೂಪುಗೊಳ್ಳುತ್ತಿದ್ದಾಗ ಹುಟ್ಟಿದ ಕ್ಷುದ್ರಗ್ರಹಗಳಲ್ಲಿ ಕೆಲವು, ಅಲ್ಯೂಮಿನಿಯಮ್-26ರಂತಹ ವಿಕಿರಣಶೀಲ ಧಾತುಗಳ ಕಾವಿನಿಂದ ಕರಗಿದವು. ಭಾರವಾದ ಕಬ್ಬಿಣ ಮತ್ತು ನಿಕಲ್ಲು ಅವುಗಳ ಗರ್ಭಕ್ಕೆ ಇಳಿದವು. ಮೇಲಿನ ಕಲ್ಲಿನ ಹೊದಿಕೆ ಕಂಬಳಿಯಂತೆ ಕಾವನ್ನು ಹಿಡಿದಿಟ್ಟಿತು. ಎಷ್ಟೋ ಉಲ್ಕೆಗಳ ಲೋಹವು ಹತ್ತು ಲಕ್ಷ ವರ್ಷಗಳಿಗೆ ಕೆಲವೇ ಡಿಗ್ರಿಗಳಂತೆ ತಣಿಯಿತೆಂದು ಲೆಕ್ಕ ಹಾಕಲಾಗಿದೆ. 1879ರಲ್ಲಿ ಅಮೆರಿಕದ ಐಯೋವಾ ರಾಜ್ಯದ ಎಸ್ಟರ್‌ವಿಲ್ಲಿನಲ್ಲಿ ಬಿದ್ದ, ಕಲ್ಲೂ ಲೋಹವೂ ಬೆರೆತ ಉಲ್ಕೆಯಲ್ಲಿ ಈ ಖನಿಜವನ್ನು ಗುರುತಿಸಲಾಗಿದೆ. ಆ ವರ್ಗದ ಉಲ್ಕೆಗಳು ತಣಿದುದು ಹತ್ತು ಲಕ್ಷ ವರ್ಷಕ್ಕೆ ಒಂದು ಡಿಗ್ರಿಗಿಂತಲೂ ಕಡಮೆ ವೇಗದಲ್ಲಿ. ಪಾಕವನ್ನು ಅಲುಗಿಸದೆ ಬಹುದಿನ ಇಟ್ಟರೆ ಕಲ್ಲುಸಕ್ಕರೆಯ ದಪ್ಪ ಹರಳುಗಳು ಕಟ್ಟುವುದನ್ನು ಬಲ್ಲವರಿಗೆ, ನಿಧಾನವು ಸ್ಫಟಿಕಗಳಿಗೆ ಮಾಡುವ ಉಪಕಾರವನ್ನು ವಿವರಿಸಬೇಕಾಗಿಲ್ಲ.

ಕಾಂತತ್ವದ ನೆನಪು

ಕ್ರಮ ತಪ್ಪಿದ ಕಬ್ಬಿಣ-ನಿಕಲ್ ಮಿಶ್ರಲೋಹ ಕಾಂತತ್ವವನ್ನು ಬೇಗನೆ ಗ್ರಹಿಸುತ್ತದೆ, ಬೇಗನೆ ಬಿಟ್ಟುಕೊಡುತ್ತದೆ. ಪಾಠಪುಸ್ತಕದ ಮೆದು ಕಬ್ಬಿಣದಂತೆಯೇ ಅದರ ಸ್ವಭಾವ. ಆದುದರಿಂದಲೇ ಟ್ರಾನ್ಸ್‌ಫಾರ್ಮರುಗಳ ಒಳತಿರುಳಿಗೆ ಅದು ಉಪಯುಕ್ತ. ಟೆಟ್ರಾಟೀನೈಟಿನ ಸ್ವಭಾವ ಇದಕ್ಕೆ ತೀರ ವಿರುದ್ಧ. ಪದರಗಳ ದಿಕ್ಕಿಗೆ ಅನುಸಾರವಾಗಿ ನೆಲೆಗೊಂಡ ಅದರ ಕಾಂತತ್ವವನ್ನು ಬೇರೆ ದಿಕ್ಕಿಗೆ ತಿರುಗಿಸುವುದು ಕಷ್ಟ. ಧಾತುಗಳು ಅವೇ, ಪ್ರಮಾಣವೂ ಅದೇ. ಕ್ರಮವೊಂದು ಬಂದ ಮಾತ್ರಕ್ಕೆ ಚಂಚಲವಾದುದು ಸ್ಥಿರವಾಯಿತು.

ಈ ಸ್ಥಿರತೆಯಿಂದ ಉಲ್ಕೆಯು ಒಂದು ದಾಖಲೆಯೂ ಆಗಿದೆ. ಟೀನೈಟಿನ ಅಂಚಿನ ಒಳಗೆ, ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಸಣ್ಣದಾದ ಟೆಟ್ರಾಟೀನೈಟಿನ ಕಣಗಳು ದ್ವೀಪಗಳಂತೆ ಗುಂಪುಗೂಡಿರುತ್ತವೆ. ಅವು ರೂಪುಗೊಂಡ ಕಾಲದಲ್ಲಿ ಸುತ್ತಲೂ ಇದ್ದ ಕಾಂತಕ್ಷೇತ್ರದ ಗುರುತು ಅವುಗಳಲ್ಲಿ ಉಳಿಯುತ್ತದೆ. ಚಿಲಿ ದೇಶದ ಇಮಿಲಾಕ್ ಮತ್ತು ಅರ್ಜೆಂಟೈನಾದ ಎಸ್ಕೆಲ್ ಎಂಬ ಉಲ್ಕೆಗಳ ಇಂತಹ ಕಣಗಳನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿದ ಕೇಂಬ್ರಿಜ್ಜಿನ ಜೇಮ್ಸ್ ಬ್ರೈಸನ್ ಮತ್ತು ಸಂಗಡಿಗರು, ಅವುಗಳ ಮಾತೃಕಾಯದ ಗರ್ಭವು ಘನೀಭವಿಸುತ್ತಿದ್ದಾಗ ಕಾಂತಕ್ಷೇತ್ರವಿತ್ತೆಂದೂ ಘನೀಭವನ ಮುಗಿದೊಡನೆ ಅದು ಅಡಗಿತೆಂದೂ 2015ರಲ್ಲಿ ತೋರಿಸಿಕೊಟ್ಟರು. ಭೂಮಿಯ ಗರ್ಭದಲ್ಲಿ ಘನೀಭವನ ಇಂದಿಗೂ ನಡೆಯುತ್ತಿದೆ. ದಿಕ್ಸೂಚಿಯ ಸೂಜಿಯನ್ನು ತಿರುಗಿಸುವ ಶಕ್ತಿಗೆ ಅದೂ ಒಂದು ಕಾರಣ. ಆದುದರಿಂದ ಒಂದು ಪುಟ್ಟ ಗ್ರಹಕಾಯದ ಕಥೆಯು ನಮ್ಮ ಭೂಮಿಯ ಕಥೆಯನ್ನು ಅರಿಯಲು ನೆರವಾಗುತ್ತದೆ.

ಅನುಕರಣೆಯ ಪ್ರಯತ್ನ

ಪವನಯಂತ್ರಗಳಿಗೂ ವಿದ್ಯುತ್ ವಾಹನಗಳ ಮೋಟಾರುಗಳಿಗೂ ಬಲವಾದ ಶಾಶ್ವತ ಅಯಸ್ಕಾಂತಗಳು ಬೇಕು. 1980ರ ದಶಕದಿಂದ ಬಳಕೆಗೆ ಬಂದ ಅತ್ಯುತ್ತಮ ಅಯಸ್ಕಾಂತಗಳಲ್ಲಿ ನಿಯೋಡಿಮಿಯಮ್ ಎಂಬ ವಿರಳ ಮೃತ್ತಿಕಾ ಧಾತು ಸೇರಿದೆ. ಈ ವರ್ಗದ ಧಾತುಗಳನ್ನು ಅದಿರಿನಿಂದ ಬೇರ್ಪಡಿಸುವುದು ಶ್ರಮಸಾಧ್ಯ, ಪರಿಸರಕ್ಕೆ ಹಾನಿಕರ. ಆ ಉದ್ಯಮದ ಬಹುಭಾಗ ಚೀನಾ ದೇಶದ ಕೈಯಲ್ಲಿದೆ. ಕಬ್ಬಿಣ, ನಿಕಲ್ಲುಗಳಿಂದಲೇ ಇಂತಹ ಅಯಸ್ಕಾಂತ ಸಾಧ್ಯವಾದರೆ ಅನೇಕ ರಾಷ್ಟ್ರಗಳು ಪರಾವಲಂಬನೆಯಿಂದ ಬಿಡುಗಡೆ ಪಡೆಯಬಹುದು.

2017ರಲ್ಲಿ ಜಪಾನಿನ ಸಂಶೋಧಕರು ಮಿಶ್ರಲೋಹದ ಒಳಗೆ ಸಾರಜನಕವನ್ನು ಸೇರಿಸಿ, ಪರಮಾಣುಗಳು ಸಾಲುಗೂಡಿದ ಮೇಲೆ ಅದನ್ನು ಹೊರತೆಗೆದು, ಕ್ರಮಬದ್ಧ ರಚನೆಯ ಪುಡಿಯನ್ನು ತಯಾರಿಸಿದರು. ಸ್ವಲ್ಪ ರಂಜಕವನ್ನು ಬೆರೆಸಿದರೆ ಎರಕ ಹೊಯ್ಯುವಾಗಲೇ ಟೆಟ್ರಾಟೀನೈಟ್ ಉಂಟಾಗುವುದೆಂದು ಕೇಂಬ್ರಿಜ್ಜಿನ ಲಿಂಡ್ಸೆ ಗ್ರೀರ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದರು. ಇಂತಹ ಹೇಳಿಕೆಯನ್ನು ಬೇರೆ ಬೇರೆ ಪ್ರಯೋಗಾಲಯಗಳು ಸ್ವತಂತ್ರವಾಗಿ ಪರೀಕ್ಷಿಸಿ ದೃಢಪಡಿಸಿದಾಗಲೇ ಅದು ವಿಜ್ಞಾನದ ಆಸ್ತಿಯಾಗುವುದು. ಪುಡಿಯಿಂದ ಗಟ್ಟಿಯಾದ, ಬಲವಾದ ಅಯಸ್ಕಾಂತದವರೆಗಿನ ದಾರಿ ಇನ್ನೂ ಸಾಕಷ್ಟು ಉಳಿದಿದೆ.

ಶಾಲೆಗಳು ಮಾಡಬಹುದಾದುದು

ಕರ್ನಾಟಕದ ನೆಲವೂ ಉಲ್ಕೆಗಳಿಗೆ ಅಪರಿಚಿತವಲ್ಲ. 1865ರಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯಲ್ಲಿ ಬಿದ್ದ ಕಲ್ಲುಗಳು ಪ್ರಪಂಚದ ಉಲ್ಕೆಗಳ ಪಟ್ಟಿಯಲ್ಲಿ ಸೇರಿವೆ. ಇವೆರಡೂ ಕಾಂಡ್ರೈಟ್ ಎಂಬ ಕಲ್ಲಿನ ವರ್ಗದವು. ಆ ವರ್ಗದ ಅನೇಕ ಉಲ್ಕೆಗಳ ಲೋಹಕಣಗಳಲ್ಲಿ ಟೆಟ್ರಾಟೀನೈಟನ್ನು ಗುರುತಿಸಲಾಗಿದೆ. ಹಳ್ಳಿಯ ಹೊಲದಲ್ಲಿ ಇಂತಹ ಕಲ್ಲೊಂದು ಬಿದ್ದರೆ ಅದನ್ನು ಒಡೆದು ಹಂಚಿಕೊಳ್ಳುವುದು, ಕುಲುಮೆಗೆ ಹಾಕಿ ಪರೀಕ್ಷಿಸುವುದು, ಅಯಸ್ಕಾಂತವನ್ನು ತಾಗಿಸಿ ನೋಡುವುದು ಜನರಿಗೆ ಸಹಜವೆನಿಸಬಹುದು. ಆದರೆ ಕೋಟ್ಯಂತರ ವರ್ಷಗಳಲ್ಲಿ ಕೂಡಿದ ಜೋಡಣೆಯನ್ನು ಕುಲುಮೆಯ ಬೆಂಕಿ ಅಲ್ಪಕಾಲದಲ್ಲಿ ಕೆಡಿಸುತ್ತದೆ. ಅದು ಮತ್ತೆ ಕೂಡಲು ಮನುಷ್ಯನ ಆಯುಷ್ಯ ಸಾಲದು. ಅಯಸ್ಕಾಂತದ ಸ್ಪರ್ಶವು ಕಲ್ಲಿನಲ್ಲಿ ಉಳಿದಿರುವ ಪ್ರಾಚೀನ ಕಾಂತತ್ವದ ಗುರುತನ್ನು ಅಳಿಸಬಲ್ಲದು. ಬಿದ್ದ ಕಲ್ಲನ್ನು ಶುಭ್ರವಾದ ಹೊದಿಕೆಯಲ್ಲಿ ಸುತ್ತಿ, ಬಿದ್ದ ಸ್ಥಳ, ದಿನ, ವೇಳೆಗಳನ್ನು ಬರೆದಿಟ್ಟು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ತಿಳಿಸುವುದೇ ಯೋಗ್ಯವಾದ ಮಾರ್ಗ. ಈ ತಿಳಿವಳಿಕೆಯನ್ನು ಊರಿಗೆ ಮುಟ್ಟಿಸಲು ಶಾಲೆಯ ಅಧ್ಯಾಪಕನಿಗಿಂತ ಸಮರ್ಥರು ಬೇರಿಲ್ಲ.

ಟೆಟ್ರಾಟೀನೈಟಿನ ಬೆಲೆ ಅದರ ದ್ರವ್ಯದಲ್ಲಿಲ್ಲ. ಎಲ್ಲೆಡೆ ದೊರೆಯುವ ಸಾಮಾನ್ಯ ಲೋಹಗಳು ಕ್ರಮಕ್ಕೆ ಒಳಪಟ್ಟು, ತಕ್ಕ ಕಾವಿನಲ್ಲಿ, ಬೇಕಾದಷ್ಟು ಕಾಲ ನಿಂತುದರಿಂದ ಅದಕ್ಕೆ ಆ ಗುಣ ಬಂದಿತು. ಮಕ್ಕಳನ್ನು ಬೆಳೆಸುವ ಕಾರ್ಯದಲ್ಲಿ ತೊಡಗಿದವರಿಗೂ ಅದಕ್ಕೆ ನೆರವಾದವರಿಗೂ ಈ ಮಾತು ಹೊಸದಾಗಿ ತೋರಲಾರದು.