ಕೊಲಾಬಾದ ಕಾಂತ ಕಂಡ ಬಿರುಗಾಳಿ

ಮುಂಬೈಯಲ್ಲಿ ಒಂದು ಮಳೆಗಾಲ ಕಳೆದವರಿಗೆ ಎರಡು ಹೆಸರು ಬಾಯಿಪಾಠ: ಕೊಲಾಬಾ, ಸಾಂತಾಕ್ರೂಜ್. ಜೂನ್ ಬಂತೆಂದರೆ ಬೆಳಗಿನ ಸುದ್ದಿಯಲ್ಲಿ 'ಕೊಲಾಬಾದಲ್ಲಿ ಇಷ್ಟು ಮಿಲಿಮೀಟರ್, ಸಾಂತಾಕ್ರೂಜ್‌ನಲ್ಲಿ ಅಷ್ಟು' ಎಂಬ ಲೆಕ್ಕ ಇದ್ದೇ ಇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದು ಅರ್ಧ ಊರು ಮುಳುಗಿತು. ಅದೇ ದಿನ ಕೊಲಾಬಾದ ಮಾಪಕದಲ್ಲಿ ಬಿದ್ದದ್ದು 75 ಮಿ.ಮೀ.ಗೂ ಕಡಿಮೆ. ಒಂದೇ ಊರು, ಎರಡು ಆಕಾಶ. ಆ ವ್ಯತ್ಯಾಸ ಮುಂಬೈಕರರಿಗೆಲ್ಲ ಗೊತ್ತು. ಆದರೆ ಮಳೆ ಅಳೆಯುವ ಆ ಕೊಲಾಬಾದ ಜಾಗದಲ್ಲೇ 165 ವರ್ಷಗಳ ಹಿಂದೆ ಬೇರೊಂದು ಬಿರುಗಾಳಿಯನ್ನು ಅಳೆದರು ಎಂಬುದು ಇಲ್ಲೇ ಹುಟ್ಟಿ ಬೆಳೆದವರಲ್ಲೂ ಹೆಚ್ಚಿನವರಿಗೆ ತಿಳಿದಿಲ್ಲ. ಅದು ಬಂದದ್ದು ಅರಬ್ಬಿ ಸಮುದ್ರದಿಂದಲ್ಲ, ಸೂರ್ಯನಿಂದ.

ನಾನು ಹಾವೇರಿ ಕಡೆಯವನು. ಹದಿನಾಲ್ಕು ವರ್ಷದಿಂದ ನವಿ ಮುಂಬೈಯ ಒಂದು ಡೇಟಾ ಸೆಂಟರ್‌ನಲ್ಲಿ ವಿದ್ಯುತ್ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಸರ್ವರ್‌ಗಳಿಗೆ ಒಂದು ಕ್ಷಣವೂ ಕರೆಂಟು ಹೋಗಬಾರದು, ಅದಷ್ಟೇ ನನ್ನ ಕೆಲಸ. ಹಾಗಾಗಿ ಕರೆಂಟು ಹೋಗುವುದಕ್ಕೆ ಏನೇನು ಕಾರಣಗಳಿರಬಹುದು ಎಂದು ಓದುವುದು ಒಂದು ಚಟವೇ ಆಗಿಬಿಟ್ಟಿದೆ. ಹಾಗೆ ಓದುತ್ತ ಹೋದಾಗ ಕೊಲಾಬಾ ಎದುರಾಯಿತು.

ಕೊಲಾಬಾದ ವೀಕ್ಷಣಾಲಯವನ್ನು ಈಸ್ಟ್ ಇಂಡಿಯಾ ಕಂಪನಿ ಕಟ್ಟಿದ್ದು 1826ರಲ್ಲಿ. ಬಂದರಿಗೆ ಬರುವ ಹಡಗುಗಳಿಗೆ ಸರಿಯಾದ ಸಮಯ ಹೇಳುವುದು, ನಕ್ಷತ್ರ ನೋಡುವುದು ಮೊದಲ ಉದ್ದೇಶ. 1841ರಿಂದ ಭೂಮಿಯ ಕಾಂತತ್ವವನ್ನೂ ಅಳೆಯತೊಡಗಿದರು. ಆಗ ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಇಂಥ ಕೇಂದ್ರಗಳು ತಲೆಯೆತ್ತುತ್ತಿದ್ದವು. ದಿಕ್ಸೂಚಿಯನ್ನು ನಂಬಿ ಸಾಗರ ದಾಟುವವರಿಗೆ ಆ ಸೂಜಿ ಯಾಕೆ ಒಮ್ಮೊಮ್ಮೆ ಅತ್ತಿತ್ತ ಅಲುಗುತ್ತದೆ ಎಂದು ಗೊತ್ತಾಗಬೇಕಿತ್ತು. ಮರಾಠಿಗರು ಗೌರವದಿಂದ ನೆನೆಯುವ ಗಣಿತಜ್ಞ ಕೇರೋ ಲಕ್ಷ್ಮಣ ಛತ್ರೆ ಹದಿಹರೆಯದಲ್ಲಿ ಇಲ್ಲಿ ಸಹಾಯಕರಾಗಿ ದುಡಿದವರು. ಮುಂದೆ ಪುಣೆಯಲ್ಲಿ ಬಾಲ ಗಂಗಾಧರ ತಿಲಕರಿಗೆ ಗಣಿತ ಕಲಿಸಿದವರೂ ಅವರೇ.

ಉಪಕರಣ ನೋಡಲು ಸರಳ. ಒಂದು ಕಾಂತದ ಸರಳು, ಅದನ್ನು ತೂಗುಹಾಕಿದ ಎಳೆ, ಸರಳಿಗೆ ಅಂಟಿದ ಒಂದು ಪುಟ್ಟ ಕನ್ನಡಿ. ದೂರದಲ್ಲಿ ಒಂದು ದೂರದರ್ಶಕ, ಒಂದು ಅಳತೆಪಟ್ಟಿ. ಭೂಮಿಯ ಕಾಂತಬಲ ಕೂದಲೆಳೆಯಷ್ಟು ಬದಲಾದರೂ ಸರಳು ತಿರುಗುತ್ತದೆ, ಕನ್ನಡಿ ತಿರುಗುತ್ತದೆ, ದೂರದರ್ಶಕದಲ್ಲಿ ಕಾಣುವ ಅಂಕಿ ಸರಿಯುತ್ತದೆ. ಒಬ್ಬ ಮನುಷ್ಯ ಕಣ್ಣಿಟ್ಟು ನೋಡಬೇಕು, ಪುಸ್ತಕದಲ್ಲಿ ಬರೆಯಬೇಕು. ಮಾಮೂಲಿ ದಿನಗಳಲ್ಲಿ ಗಂಟೆಗೊಮ್ಮೆ. ಸೂಜಿ ಚಂಚಲವಾಯಿತೆಂದರೆ ಹದಿನೈದು ನಿಮಿಷಕ್ಕೊಮ್ಮೆ, ಇನ್ನೂ ಹೆಚ್ಚಾದರೆ ಐದು ನಿಮಿಷಕ್ಕೊಮ್ಮೆ. ಹಗಲೂ ರಾತ್ರಿ, ಹಬ್ಬ ಹುಣ್ಣಿಮೆ ಎನ್ನದೆ.

1859ರ ಸೆಪ್ಟೆಂಬರ್ 1. ಇಂಗ್ಲೆಂಡಿನ ರೆಡ್‌ಹಿಲ್‌ನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬ ಖಗೋಳಜ್ಞ ಸೂರ್ಯನ ಬಿಂಬವನ್ನು ಪರದೆಯ ಮೇಲೆ ಬೀಳಿಸಿಕೊಂಡು ಸೌರಕಲೆಗಳ ಚಿತ್ರ ಬರೆಯುತ್ತಿದ್ದ. ಬೆಳಗ್ಗೆ 11 ಗಂಟೆ 18 ನಿಮಿಷಕ್ಕೆ ಒಂದು ದೊಡ್ಡ ಕಲೆಗಳ ಗುಂಪಿನ ಮೇಲೆ ಕಣ್ಣು ಕೋರೈಸುವ ಎರಡು ಬಿಳಿ ಬೆಳಕಿನ ಚುಕ್ಕೆಗಳು ಮೂಡಿದವು. ಯಾರಿಗಾದರೂ ತೋರಿಸೋಣವೆಂದು ಎದ್ದು ಓಡಿ, ಮರಳಿ ಬರುವಷ್ಟರಲ್ಲಿ ಅವು ಬಾಡತೊಡಗಿದ್ದವು. ಐದು ನಿಮಿಷದಲ್ಲಿ ಎಲ್ಲ ಮುಗಿಯಿತು. ಅದೃಷ್ಟಕ್ಕೆ ರಿಚರ್ಡ್ ಹಾಜ್‌ಸನ್ ಎಂಬ ಇನ್ನೊಬ್ಬನೂ ಅದನ್ನು ಬೇರೆ ಕಡೆಯಿಂದ ಕಂಡಿದ್ದ. ಇಲ್ಲದಿದ್ದರೆ ಯಾರೂ ನಂಬುತ್ತಿರಲಿಲ್ಲವೇನೋ.

ಆ ಹೊತ್ತಿಗೆ ಬೊಂಬಾಯಿಯಲ್ಲಿ ಸಂಜೆ ನಾಲ್ಕು ದಾಟಿತ್ತು. (ಬೊಂಬಾಯಿಗೆ ಆಗ ಅದರದೇ ಸಮಯ. ಗ್ರೀನಿಚ್‌ಗಿಂತ ನಾಲ್ಕು ಗಂಟೆ ಐವತ್ತೊಂದು ನಿಮಿಷ ಮುಂದೆ, ಇಂದಿನ ಭಾರತೀಯ ಸಮಯಕ್ಕಿಂತ 39 ನಿಮಿಷ ಹಿಂದೆ. ಈ ಊರಿನ ಜನ ಆ ಹಳೆಯ ಗಡಿಯಾರವನ್ನು 1955ರವರೆಗೂ ಪೂರ್ತಿ ಬಿಟ್ಟುಕೊಡಲಿಲ್ಲ ಎಂಬುದು ಇನ್ನೊಂದೇ ಕಥೆ.)

ಸೂರ್ಯ ಉಗುಳಿದ ಆ ವಿದ್ಯುತ್ಕಣಗಳ ಮೋಡ ಹದಿನೈದು ಕೋಟಿ ಕಿ.ಮೀ. ದಾರಿಯನ್ನು ಸುಮಾರು ಹದಿನೇಳೂವರೆ ಗಂಟೆಯಲ್ಲಿ ಕ್ರಮಿಸಿತು. ಸಾಮಾನ್ಯವಾಗಿ ಇಂಥ ಮೋಡಗಳಿಗೆ ಎರಡು ಮೂರು ದಿನ ಬೇಕು. ಅಮೆರಿಕದಲ್ಲಿ ಆಗ ರಾತ್ರಿ. ರಾಕಿ ಪರ್ವತದ ಚಿನ್ನದ ಗಣಿಯವರು ಆಕಾಶದ ಕೆಂಪು ಕಂಡು ಬೆಳಗಾಯಿತೆಂದು ಎದ್ದು ತಿಂಡಿಗೆ ಒಲೆ ಹಚ್ಚಿದರಂತೆ. ಧ್ರುವಪ್ರಭೆ ಕೆರಿಬಿಯನ್ ದ್ವೀಪಗಳವರೆಗೂ ಇಳಿದು ಬಂದಿತ್ತು. ಬಾಸ್ಟನ್ ಮತ್ತು ಪೋರ್ಟ್‌ಲ್ಯಾಂಡ್ ನಡುವಿನ ಟೆಲಿಗ್ರಾಫ್ ನೌಕರರು ಬ್ಯಾಟರಿಯನ್ನೇ ಕಳಚಿಟ್ಟು, ಆಕಾಶದಿಂದ ತಂತಿಯಲ್ಲಿ ಹರಿದ ಕರೆಂಟಿನಲ್ಲೇ ಎರಡು ಗಂಟೆ ಹೊತ್ತು ಸಂದೇಶ ಕಳಿಸಿದರು. ಈ ಎರಡು ಪ್ರಸಂಗಗಳನ್ನು ಎಲ್ಲ ಇಂಗ್ಲಿಷ್ ಪುಸ್ತಕಗಳೂ ಹೇಳುತ್ತವೆ. ಬೊಂಬಾಯಿಯ ಭಾಗವನ್ನು ಹೆಚ್ಚಿನವು ಒಂದು ಸಾಲಿನಲ್ಲಿ ಮುಗಿಸುತ್ತವೆ. ನನಗಂತೂ ಎಲ್ಲಕ್ಕಿಂತ ಸ್ವಾರಸ್ಯ ಇರುವುದು ಇಲ್ಲೇ.

ಏಕೆಂದರೆ ಬೊಂಬಾಯಿಯಲ್ಲಿ ಅದು ಹಗಲು. ಸೆಪ್ಟೆಂಬರ್ 2ರ ಬೆಳಗು. ಆಕಾಶದಲ್ಲಿ ಕಾಣುವಂಥದ್ದು ಏನೂ ಇಲ್ಲ. ಹಡಗುಗಳು ಬಂದಿರಬೇಕು, ಹೋಗಿರಬೇಕು, ಕೋಳಿಗಳು ಮೀನು ಮಾರಿರಬೇಕು (ಇಲ್ಲಿನ ಬೆಸ್ತರನ್ನು ಕೋಳಿಗಳೆನ್ನುತ್ತಾರೆ). ಊರಿಗೆ ಊರೇ ತನ್ನ ಪಾಡಿಗೆ ತಾನಿದ್ದಾಗ, ಕೊಲಾಬಾದ ಮುಚ್ಚಿದ ಕೋಣೆಯಲ್ಲಿ ತೂಗುಬಿಟ್ಟ ಕಾಂತ ಮಾತ್ರ ತನ್ನ ಜಾಗ ಬಿಟ್ಟು ಸರಿಯುತ್ತಲೇ ಹೋಯಿತು. ದೂರದರ್ಶಕದ ಮುಂದೆ ಕೂತವರು ನಿಮಿಷ ಎಣಿಸುತ್ತ ಅಂಕಿ ಬರೆದರು. ಮಧ್ಯಾಹ್ನಕ್ಕೆ ಮುನ್ನ, ಒಂದೂವರೆ ಗಂಟೆಯ ಅವಧಿಯಲ್ಲಿ, ಭೂಮಿಯ ಕಾಂತಬಲದ ಅಡ್ಡಭಾಗ ಸುಮಾರು 1,600 ನ್ಯಾನೋಟೆಸ್ಲಾದಷ್ಟು ಕುಸಿದಿತ್ತು.

ಈ ಅಂಕಿಯ ಗಾತ್ರ ತಿಳಿಯಲು ಒಂದು ಹೋಲಿಕೆ ಕೊಡುತ್ತೇನೆ. ಮುಂಬೈ ಆಸುಪಾಸಿನಲ್ಲಿ ಈ ಬಲ ಸುಮಾರು 37-38 ಸಾವಿರ ನ್ಯಾನೋಟೆಸ್ಲಾ. ಅದರಲ್ಲಿ ನೂರಕ್ಕೆ ನಾಲ್ಕು ಪಾಲು ಎಂದರೆ ಸಣ್ಣದೆನಿಸುತ್ತದೆ. ಆದರೆ 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲವನ್ನು ಕ್ಷಣಾರ್ಧದಲ್ಲಿ ಉರುಳಿಸಿ ಸುಮಾರು 60 ಲಕ್ಷ ಜನರನ್ನು ಒಂಬತ್ತು ಗಂಟೆ ಕತ್ತಲಲ್ಲಿಟ್ಟ ಬಿರುಗಾಳಿಯ ಲೆಕ್ಕ 589. ಬಿರುಗಾಳಿಯ ಹೊತ್ತಿನಲ್ಲಿ ಸಮಭಾಜಕದ ಮೇಲೆ, ಸಾವಿರಾರು ಕಿ.ಮೀ. ಎತ್ತರದಲ್ಲಿ, ವಿದ್ಯುತ್ಕಣಗಳು ಭೂಮಿಯನ್ನು ಬಳೆಯಂತೆ ಸುತ್ತತೊಡಗುತ್ತವೆ. ಆ ಬಳೆಯ ಕಾಂತತ್ವ ಭೂಮಿಯ ಕಾಂತತ್ವಕ್ಕೆ ವಿರುದ್ಧ. ಅದಕ್ಕೇ ನಮ್ಮಂಥ ಸೆಕೆಯ ನಾಡುಗಳಲ್ಲಿ ಬಲ ಕುಸಿದಂತೆ ಕಾಣುವುದು. ಧ್ರುವದ ಹತ್ತಿರ ಆಕಾಶದ ಬೇರೆ ಕರೆಂಟುಗಳೂ ಸೇರಿಕೊಂಡು ಲೆಕ್ಕ ಕಲಸುಮೇಲೋಗರವಾಗುತ್ತದೆ. ಕೊಲಾಬಾದ ಅಕ್ಷಾಂಶ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಇನ್ನೊಂದು ವಿಚಿತ್ರ. ಯೂರೋಪಿನ ಕೆಲವು ಕೇಂದ್ರಗಳಲ್ಲಿ ಆಗಲೇ ಹೊಸ ತಂತ್ರ ಬಂದಿತ್ತು. ಕನ್ನಡಿಯ ಬೆಳಕು ಫೋಟೊ ಕಾಗದದ ಮೇಲೆ ತಾನೇ ಗೆರೆ ಬರೆಯುತ್ತಿತ್ತು, ಮನುಷ್ಯ ಕೂರಬೇಕಿರಲಿಲ್ಲ. ಅಂದು ಆ ಗೆರೆ ಕಾಗದದ ಅಂಚು ದಾಟಿ ಹೊರಗೆ ಹೋಯಿತು. ಯಂತ್ರಕ್ಕೆ ಕಾಗದದಾಚೆ ನೋಡುವ ದಾರಿ ಇಲ್ಲ. ಬೊಂಬಾಯಿಯ ಹಳೆಯ ಪದ್ಧತಿಯಲ್ಲಿ ಒಂದು ಜೋಡಿ ಕಣ್ಣು, ಒಂದು ಲೇಖನಿ ಇದ್ದವು. ಅಂಕಿ ಉಳಿಯಿತು.

ಉಳಿಯಿತು, ಆದರೆ ಹಳೆಯ ದಫ್ತರಗಳ ನಡುವೆ. ಕೊಲಾಬಾದ ವಾರಸುದಾರ ಸಂಸ್ಥೆ ಭಾರತೀಯ ಭೂಕಾಂತತ್ವ ಸಂಸ್ಥೆ. 1971ರಲ್ಲಿ ಸ್ವಾಯತ್ತವಾಯಿತು, ಈಗ ನಮ್ಮ ನ್ಯೂ ಪನ್ವೇಲ್‌ನಲ್ಲಿದೆ. ಅಲ್ಲಿನ ಗುರುಬಕ್ಷ ಲಖೀನಾ ಮತ್ತು ಶೋಭನಾ ಅಲೆಕ್ಸ್, ಅಮೆರಿಕದ ಬ್ರೂಸ್ ಸುರುಟಾನಿ ಮೊದಲಾದವರೊಂದಿಗೆ ಸೇರಿ ಆ ಅಂಕಿಗಳನ್ನು ಹೊರತೆಗೆದು 2003ರಲ್ಲಿ ಪ್ರಕಟಿಸಿದರು. 144 ವರ್ಷದ ಬಳಿಕ ಕ್ಯಾರಿಂಗ್ಟನ್ ಬಿರುಗಾಳಿಗೆ ಒಂದು ತೂಕ ಸಿಕ್ಕಿತು. ಗಂಟೆಯ ಸರಾಸರಿ ಹಿಡಿದರೆ ಅದು 850-900ರ ಸುಮಾರಿಗೆ ಇಳಿಯುತ್ತದೆ ಎಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಇಳಿದರೂ 1989ಕ್ಕಿಂತ ದೊಡ್ಡದೇ. ಇವತ್ತು ಜಗತ್ತಿನ ಯಾವ ವಿದ್ಯುತ್ ಜಾಲದವರು 'ಅತಿ ಕೆಟ್ಟದ್ದು ಎಷ್ಟಿರಬಹುದು' ಎಂದು ಲೆಕ್ಕ ಹಾಕಿದರೂ ಆ ಚರ್ಚೆಯಲ್ಲಿ ಕೊಲಾಬಾದ ಆ ಬೆಳಗಿನ ಅಂಕಿಗಳು ಬಂದೇ ಬರುತ್ತವೆ.

ಇನ್ನು ಕೊಲಾಬಾದಿಂದ ಕಾಂತವನ್ನು ಎಬ್ಬಿಸಿದ ಕಥೆ. ಬೊಂಬಾಯಿಯಲ್ಲಿ 1874ರಿಂದ ಕುದುರೆ ಎಳೆಯುವ ಟ್ರಾಮ್ ಓಡುತ್ತಿತ್ತು. ಕುದುರೆಯಿಂದ ಕಾಂತಕ್ಕೆ ಬಾಧೆಯಿಲ್ಲ. ಶತಮಾನ ಬದಲಾಗುವ ಹೊತ್ತಿಗೆ ವಿದ್ಯುತ್ ಟ್ರಾಮ್ ತರುವ ಮಾತು ಶುರುವಾಯಿತು. ಟ್ರಾಮಿನ ಕರೆಂಟು ಹಳಿಯ ಮೂಲಕ ಹಿಂದಿರುಗುವಾಗ ಒಂದಿಷ್ಟು ನೆಲಕ್ಕೆ ಸೋರುತ್ತದೆ, ಸೋರಿದ ಕರೆಂಟು ತನ್ನದೇ ಕಾಂತತ್ವ ಹುಟ್ಟಿಸುತ್ತದೆ. ಸೂರ್ಯನ ಪಿಸುಮಾತು ಕೇಳಲು ಕೂತ ಸೂಜಿಗೆ ಟ್ರಾಮಿನ ಗಲಾಟೆಯೇ ಕೇಳಿಸತೊಡಗುತ್ತದೆ. ಆಗ ವೀಕ್ಷಣಾಲಯದ ಮುಖ್ಯಸ್ಥರು ನಾನಾಭಾಯಿ ಆರ್ದೇಶಿರ್ ಫ್ರಾಮ್‌ಜಿ ಮೂಸ್, ಆ ಹುದ್ದೆಗೇರಿದ ಮೊದಲ ಭಾರತೀಯ. ಹುಟ್ಟಿದ ವರ್ಷವೂ 1859! ಟ್ರಾಮ್ ನಿಲ್ಲಿಸಿ ಎಂದು ಜಗಳಕ್ಕೆ ನಿಂತಿದ್ದರೆ ಏನಾಗುತ್ತಿತ್ತೋ. ಕಾಂತವನ್ನೇ ಕಡಲಾಚೆ ಅಲಿಬಾಗಿಗೆ ಒಯ್ದರು.

ಅಲ್ಲಿ ಕಟ್ಟಿದ ಕಟ್ಟಡಕ್ಕೆ ಕಬ್ಬಿಣದ ಸೋಂಕಿಲ್ಲ. ಕಾಂತಗುಣವಿಲ್ಲವೆಂದು ಪರೀಕ್ಷಿಸಿದ ಪೋರಬಂದರಿನ ಕಲ್ಲನ್ನು ತರಿಸಿದರು. 1904ರಿಂದ ಅಲಿಬಾಗಿನಲ್ಲಿ ಅಳತೆ ಶುರುವಾಯಿತು. ಮೂಸ್ ಅವರ ಜಾಣತನ ನನಗೆ ಹಿಡಿಸಿದ್ದು ಇಲ್ಲಿ. ಕೊಲಾಬಾವನ್ನು ಕೂಡಲೇ ಮುಚ್ಚಲಿಲ್ಲ. 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದರು. ಹಳೆಯ ಮನೆಯ ಹೆಪ್ಪಿನಿಂದಲೇ ಹೊಸ ಮನೆಯ ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆ ಎರಡು ವರ್ಷಗಳಿಂದಾಗಿ 1846ರಿಂದ ಇಂದಿನವರೆಗಿನ ಲೆಕ್ಕ ಒಂದೇ ಸರಪಳಿಯಾಗಿ ಉಳಿದಿದೆ. ಇಷ್ಟು ಉದ್ದದ ಸರಪಳಿ ಇರುವ ಜಾಗಗಳು ಭೂಮಿಯ ಮೇಲೆ ಬೆರಳೆಣಿಕೆಯಷ್ಟು. ವಿದ್ಯುತ್ ಟ್ರಾಮ್ ಓಡಿದ್ದು 1907ರ ಮೇ 7ರಂದು, ಕಾಂತ ಹೊರಟುಹೋದ ಮೇಲೆ.

ಒಂದು ತಮಾಷೆ: ಅಲಿಬಾಗಿನ ಸಮುದ್ರದಲ್ಲಿರುವ ಕೋಟೆಯ ಹೆಸರೂ ಕುಲಾಬಾ. 1981ರಲ್ಲಿ ರಾಯಗಡ ಎಂದು ಹೆಸರು ಬದಲಾಗುವವರೆಗೆ ಜಿಲ್ಲೆಯ ಹೆಸರೂ ಅದೇ. ಕಾಂತ ಕೊಲಾಬಾ ಬಿಟ್ಟು ಕುಲಾಬಾಕ್ಕೇ ಹೋಯಿತು! ಗೇಟ್‌ವೇಯಿಂದ ಮಾಂಡ್ವಾಕ್ಕೆ ದೋಣಿ ಹತ್ತುವ ಶನಿವಾರದ ಜನ ಆ ಕೋಟೆಯ ಮುಂದೆ ಕುದುರೆಗಾಡಿ ಹತ್ತಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ಅಲ್ಲೇ ಕಡಲತೀರದ ಬಳಿ ಮರಗಳ ನಡುವಿರುವ ವೀಕ್ಷಣಾಲಯದ ಆವರಣದತ್ತ ಯಾರೂ ತಿರುಗಿ ನೋಡುವುದಿಲ್ಲ. ಕಳೆದ ಡಿಸೆಂಬರಿನಲ್ಲಿ ನಾನು ಹೊರಗೆ ನಿಂತು ನೋಡಿ ಬಂದೆ. ಹೆಂಡತಿ ಮಕ್ಕಳು ಎಳನೀರು ಕುಡಿಯುತ್ತ ಕಾದರು.

ಮಾಟುಂಗದಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರಿದ್ದಾರೆ. ಹುಡುಗನಾಗಿ ಬೊಂಬಾಯಿಗೆ ಬಂದು ಹೋಟೆಲಿನಲ್ಲಿ ದುಡಿದವರು, 1964ರ ಮಾರ್ಚ್ 31ರ ರಾತ್ರಿ ಬೋರಿಬಂದರದಿಂದ ದಾದರಿಗೆ ಹೊರಟ ಕೊನೆಯ ಟ್ರಾಮನ್ನು ರಸ್ತೆಬದಿ ನಿಂತು ನೋಡಿದವರು. ಈ ಕಥೆ ಹೇಳಿದಾಗ ನಕ್ಕರು. "ಅಲ್ಲ ಮಾರಾಯ, ಟ್ರಾಮ್ ಬಂತು ಅಂತ ಕಾಂತ ಊರು ಬಿಟ್ಟಿತು. ಟ್ರಾಮ್ ಹೋದ ಮೇಲಾದರೂ ವಾಪಸ್ ಕರೀಬಹುದಿತ್ತಲ್ಲ?"

"ಈಗ ಲೋಕಲ್ ಇದೆಯಲ್ಲ ಮಾಮ, ಮೆಟ್ರೋ ಬೇರೆ" ಎಂದೆ.

"ಹಾಗಾದರೆ ಅದು ನಮ್ಮ ಹಾಗೆ ಅಲ್ಲ. ಊರಿಗೆ ಹೋಗುವ ಆಸೆ ಇಲ್ಲ ಅದಕ್ಕೆ" ಎಂದರು.

ಆಫೀಸಿನಲ್ಲಿ ಮಾತ್ರ ಈ ವಿಷಯ ನಗೆಯ ಮಾತಾಗಿ ಉಳಿದಿಲ್ಲ. ನಮ್ಮಲ್ಲಿ ಅಪಾಯಗಳ ಪಟ್ಟಿ ಇರುತ್ತದೆ: ಪ್ರವಾಹ, ಬೆಂಕಿ, ಭೂಕಂಪ, ಡೀಸೆಲ್ ಕೊರತೆ. 'ಸೌರ ಬಿರುಗಾಳಿ' ಸೇರಿಸೋಣ ಎಂದಾಗ ಸಹೋದ್ಯೋಗಿಗಳು ಸಿನಿಮಾ ಹೆಸರು ಕೇಳಿದವರಂತೆ ನೋಡಿದರು. ಅದು 2024ರ ಏಪ್ರಿಲ್. ಮೇ 10-11ರ ರಾತ್ರಿ ಎರಡು ದಶಕಗಳಲ್ಲೇ ದೊಡ್ಡ ಬಿರುಗಾಳಿ ಬಂತು, ಲೆಕ್ಕ 400ರ ಆಸುಪಾಸು. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಕೆಂಪು ಧ್ರುವಪ್ರಭೆ ಹಿಡಿದವು. ಅಮೆರಿಕದಲ್ಲಿ ಬಿತ್ತನೆಯ ಹೊತ್ತಿಗೆ ಸರಿಯಾಗಿ ಜಿಪಿಎಸ್ ನಂಬಿದ ಟ್ರ್ಯಾಕ್ಟರುಗಳು ದಾರಿ ತಪ್ಪಿ ನಿಂತವು. ನಮ್ಮ ಸರ್ವರ್‌ಗಳ ಗಡಿಯಾರಗಳೂ ಜಿಪಿಎಸ್ ನೋಡಿಯೇ ಸಮಯ ತಿದ್ದಿಕೊಳ್ಳುವಂಥವು. ಸೋಮವಾರ ಪಟ್ಟಿಗೆ ಒಂದು ಸಾಲು ಸೇರಿತು. ಸಮಭಾಜಕಕ್ಕೆ ಹತ್ತಿರವಿರುವ ನಮ್ಮ ಜಾಲಕ್ಕೆ ಕೆನಡಾದಷ್ಟು ಅಪಾಯ ಇಲ್ಲ, ಅದು ನಿಜ. ಉಪಗ್ರಹಗಳಿಗೆ ಆ ರಿಯಾಯಿತಿ ಇಲ್ಲ. 2022ರ ಫೆಬ್ರುವರಿಯಲ್ಲಿ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಸುಮಾರು ನಲವತ್ತು ಒಂದು ಸಾಧಾರಣ ಬಿರುಗಾಳಿಗೇ ಕೆಳಗೆ ಬಿದ್ದು ಉರಿದುಹೋದವು. 2012ರ ಜುಲೈ 23ರಂದು ಕ್ಯಾರಿಂಗ್ಟನ್ ಜಾತಿಯದೇ ಒಂದು ಮೋಡ ಸೂರ್ಯನಿಂದ ಹೊರಟಿತ್ತು. ಅಂದು ಭೂಮಿ ಆ ದಿಕ್ಕಿನಲ್ಲಿರಲಿಲ್ಲ, ಅಷ್ಟೇ.

ಕೊಲಾಬಾದ ಕೆಲಸದ ಒಂದು ಕವಲು ಈಗ ನಮ್ಮ ಬೆಂಗಳೂರಿನಿಂದ ನಡೆಯುತ್ತಿದೆ. ಇಸ್ರೋದ ಆದಿತ್ಯ-ಎಲ್1 ಹಾರಿದ್ದು 2023ರ ಸೆಪ್ಟೆಂಬರ್ 2ರಂದು. ತಾರೀಖು ಗಮನಿಸಿ. ಕೊಲಾಬಾದ ಆ ಬೆಳಗಿಗೆ ಅಂದು ಸರಿಯಾಗಿ 164 ವರ್ಷ. ಬೇಕೆಂದೇ ಆರಿಸಿದ ದಿನವಲ್ಲ, ಕಾಕತಾಳೀಯ. 2024ರ ಜನವರಿ 6ರಂದು ಅದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ತನ್ನ ಜಾಗ ಸೇರಿತು. ಅದರ ಏಳು ಉಪಕರಣಗಳಲ್ಲಿ ಒಂದು ಕಾಂತಮಾಪಕ, ತಯಾರಾದದ್ದು ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ. ಅದನ್ನು ಉಪಗ್ರಹದ ಮೈಗೇ ಅಂಟಿಸಿದರೆ ಉಪಗ್ರಹದೊಳಗಿನ ಕರೆಂಟಿನ ಕಾಂತತ್ವವನ್ನೇ ಅಳೆದೀತು. ಹಾಗಾಗಿ ಆರು ಮೀಟರ್ ಉದ್ದದ ಮಡಚುವ ತೋಳು ಕೊಟ್ಟಿದ್ದಾರೆ. ಒಂದು ಸಂವೇದಕ ಮೂರು ಮೀಟರಿನಲ್ಲಿ, ಇನ್ನೊಂದು ತುದಿಯಲ್ಲಿ. ಎರಡನ್ನೂ ಒಟ್ಟಿಗೆ ಓದಿ, ಉಪಗ್ರಹದ ಗಲಾಟೆ ಎಷ್ಟು, ಸೂರ್ಯನ ಪಾಲು ಎಷ್ಟು ಎಂದು ಬೇರ್ಪಡಿಸುತ್ತಾರೆ.

ಮಾಟುಂಗದ ಹಿರಿಯರಿಗೆ ಮೊನ್ನೆ ಇದನ್ನೂ ಹೇಳಿದೆ. ತೋಳಿನ ಉದ್ದ ಎರಡು ಸಲ ಕೇಳಿದರು. "ಆರು ಮೀಟರ್ ಸಾಕಾ? ಪಾರ್ಸಿ ಸಾಹೇಬರು ಅಲಿಬಾಗಿಗೇ ಹೋಗಿದ್ದರಲ್ಲ!"