ದೋಣಿಯ ಮೋಟಾರಿಗೆ ಬಲ ಬೇಕೆ? ಮೊದಲು ಬ್ಯಾಟರಿಯ ಲೆಕ್ಕ ಹಾಕಿರಿ

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಯಿಂದ ಇಳಿದು, ಗಡಿ ದಾಟಿ, ನಮ್ಮ ಹೊಸೂರು ಸೀಮೆಗೆ ಬರುತ್ತದೆ. ಕೆಲವರಪಲ್ಲಿ ಅಣೆಕಟ್ಟಿನಲ್ಲಿ ಒಮ್ಮೆ ನಿಲ್ಲುತ್ತದೆ. ಮುಂದೆ ಕೃಷ್ಣಗಿರಿ ಅಣೆಕಟ್ಟಿನಲ್ಲಿ ಮತ್ತೊಮ್ಮೆ ನಿಲ್ಲುತ್ತದೆ. 1878ರಲ್ಲಿ ರಾಜಾಜಿಯವರು ಹುಟ್ಟಿದ ತೊರಪಲ್ಲಿ ಅಗ್ರಹಾರ ಈ ನದಿಯ ಮಗ್ಗುಲ ಊರು. ಊರಿನ ಹೆಸರಿನಲ್ಲಿಯೇ ತೊರೆಯೆಂಬ ಮಾತು ಕಿವಿಗೆ ಬೀಳುತ್ತದೆ. ನೀರು ನಿಂತಲ್ಲಿ ಮೀನುಂಟು. ಮೀನಿದ್ದಲ್ಲಿ ಬಲೆಯುಂಟು, ದೋಣಿಯುಂಟು. ಈ ವಾರ ನಮ್ಮ ಬೇಸಾಯದ ಪುಟದಲ್ಲಿ ನೇಗಿಲನ್ನು ಬದಿಗಿಟ್ಟು ದೋಣಿಯ ಮಾತನ್ನು ಎತ್ತಿಕೊಂಡಿದ್ದೇವೆ.

ಹುಟ್ಟು ಹಾಕಿ ತೋಳು ಸೋತವರು ಈಗ ಬ್ಯಾಟರಿಯಿಂದ ಓಡುವ ಸಣ್ಣ ಮೋಟಾರಿನ ಕಡೆ ನೋಡುತ್ತಿದ್ದಾರೆ. ದೋಣಿಯ ಹಿಂಬದಿಗೆ ಕಚ್ಚಿಸುವ ಒಂದು ಕಂಬ, ಅದರ ತುದಿಯಲ್ಲಿ, ನೀರೊಳಗೆ, ಮೋಟಾರು ಮತ್ತು ರೆಕ್ಕೆ, ದೋಣಿಯೊಳಗೆ ಬ್ಯಾಟರಿ. ಇಷ್ಟೇ ಇದರ ಸಲಕರಣೆ. ಸದ್ದಿಲ್ಲ, ಹೊಗೆಯಿಲ್ಲ, ನೀರಿಗೆ ಎಣ್ಣೆ ಸೋರುವುದಿಲ್ಲ. ಬೆಂಗಳೂರಿನ ಕೊಳೆನೀರು ಬಂದು ನೊರೆಯೇಳುವುದನ್ನು ಕೆಲವರಪಲ್ಲಿಯಲ್ಲಿ ಕಂಡವರಿಗೆ, ಆ ನೀರಿಗೆ ಸೀಮೆಎಣ್ಣೆಯನ್ನೂ ಸೇರಿಸುವುದು ಬೇಡವೆಂದು ಬಿಡಿಸಿ ಹೇಳಬೇಕಾದುದಿಲ್ಲ. ಬ್ಯಾಟರಿಯ ದೋಣಿ ಬರಿಯ ಆಟಿಕೆಯೂ ಅಲ್ಲ. ಕೇರಳದ ವೈಕಂನಲ್ಲಿ 2017ರಲ್ಲಿ ನೀರಿಗಿಳಿದ ‘ಆದಿತ್ಯ’ ಎಂಬ ದೋಣಿ ಬಿಸಿಲಿನಿಂದ ಬ್ಯಾಟರಿ ತುಂಬಿಸಿಕೊಂಡು, 75 ಮಂದಿಯನ್ನು ಕೂರಿಸಿಕೊಂಡು ಹಿನ್ನೀರು ದಾಟಿಸುವಂಥದು.

ಆದರೆ ಮೋಟಾರು ಕೊಂಡವರಲ್ಲಿ ಕೆಲವು ದಿನಗಳಲ್ಲಿಯೇ ಒಂದು ದೂರು ಹುಟ್ಟುತ್ತದೆ. ಅಂಗಡಿಯಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

“ಅಣ್ಣಾ, ದೋಣಿ ಗಾಳಿಗೆ ನಿಲ್ಲೋದಿಲ್ಲ. ಇದಕ್ಕಿಂತ ದೊಡ್ಡ ಮೋಟಾರು ಕೊಡಿ.”

“ಬ್ಯಾಟರಿ ಯಾವುದಪ್ಪಾ?”

“ಟ್ರಾಕ್ಟರಿನದೇ ಹಳೇದು ಒಂದಿದೆ. ಅದೇ ಸಾಕಲ್ವಾ?”

ಸಾಕಾಗುವುದಿಲ್ಲ. ಇದನ್ನು ತಿಳಿಯದೆ ಸಾಲ ಮಾಡಿ ದೊಡ್ಡ ಮೋಟಾರು ತಂದವನು ಎರಡು ಬಗೆಯ ನಷ್ಟಕ್ಕೆ ಒಡ್ಡಿಕೊಳ್ಳುತ್ತಾನೆ. ಒಂದು, ಹಣದ್ದು. ಇನ್ನೊಂದು, ಸಂಜೆಯ ಗಾಳಿಯಲ್ಲಿ ನಡುನೀರಿನಲ್ಲಿ ಮೋಟಾರು ನಿಂತರೆ ಪ್ರಾಣದ್ದು. ಮೋಟಾರಿನೊಡನೆ ಬರುವ ಪುಸ್ತಿಕೆ ಇಂಗ್ಲಿಷಿನಲ್ಲಿರುವುದೇ ಹೆಚ್ಚು. ಆದುದರಿಂದ ಅದರಲ್ಲಿರುವ ಮುಖ್ಯ ಸಂಗತಿಗಳನ್ನು ಇಲ್ಲಿ ನಮ್ಮ ಮಾತಿನಲ್ಲಿ ವಿವರಿಸುತ್ತೇವೆ.

ದೊಡ್ಡ ಮೋಟಾರು ಏನು ಕೊಡುತ್ತದೆ?

ಈ ಮೋಟಾರುಗಳ ಬಲವನ್ನು ಪೌಂಡಿನಲ್ಲಿ, ಎಂದರೆ ನಮ್ಮ ಅಜ್ಜಂದಿರ ರಾತಲಿನಲ್ಲಿ, ಹೇಳುತ್ತಾರೆ. 30 ಪೌಂಡು, 40 ಪೌಂಡು, 55 ಪೌಂಡು ಎಂಬುವು ನೀರನ್ನು ಹಿಂದಕ್ಕೆ ತಳ್ಳುವ ಬಲದ ಅಳತೆಗಳು. 55ರವರೆಗಿನವು 12 ವೋಲ್ಟಿನ ಒಂದು ಬ್ಯಾಟರಿಯಿಂದ ಓಡುತ್ತವೆ. 70–80 ಪೌಂಡಿನವಕ್ಕೆ 24 ವೋಲ್ಟು, ಎಂದರೆ ಎರಡು ಬ್ಯಾಟರಿ ಬೇಕು.

ಬಲ ಹೆಚ್ಚಿದರೆ ವೇಗ ಹೆಚ್ಚುವುದೆಂದು ನಂಬಬೇಡಿರಿ. ಇವು ಮೆಲ್ಲನೆ ಸಾಗುತ್ತ ಗಾಳ ಎಳೆಯಲೆಂದು ಮಾಡಿದ ಮೋಟಾರುಗಳು. ಎಷ್ಟು ದೊಡ್ಡದನ್ನು ಕಟ್ಟಿದರೂ ದೋಣಿ ಗಂಟೆಗೆ ಸುಮಾರು 8 ಕಿಲೋಮೀಟರು ಮೀರುವುದು ಅಪರೂಪ. ರೆಕ್ಕೆಯ ರಚನೆಯೇ ಅಂಥದು. ಹೆಚ್ಚಿನ ಬಲದಿಂದ ಆಗುವ ಲಾಭ ಬೇರೆ: ಭಾರದ ದೋಣಿಯನ್ನು ಎಳೆಯುತ್ತದೆ, ಎದುರುಗಾಳಿಗೆ ಹಿಂಜರಿಯದೆ ನಿಲ್ಲುತ್ತದೆ. ಹೇರಿನ ಬಂಡಿಗೆ ಬಲವಾದ ಎತ್ತನ್ನು ಕಟ್ಟಿದಂತೆ. ಅದು ಪಂದ್ಯದ ಕುದುರೆಯಾಗುವುದಿಲ್ಲ.

ಎಷ್ಟು ಬಲ ಬೇಕು? ದೋಣಿ, ಜನ, ಬಲೆ, ಮೀನು, ಬ್ಯಾಟರಿ ಎಲ್ಲವೂ ಸೇರಿದ ತೂಕದಲ್ಲಿ ಪ್ರತಿ 100 ಪೌಂಡಿಗೆ, ಎಂದರೆ 45 ಕಿಲೋಗ್ರಾಮಿಗೆ, 2 ಪೌಂಡು ಬಲವೆಂಬುದು ವಾಡಿಕೆಯ ಲೆಕ್ಕ. ಎಲ್ಲ ಸೇರಿ 400 ಕಿಲೋ ತೂಗುವ ದೋಣಿಗೆ ಸುಮಾರು 18 ಪೌಂಡು ಬಂತು. ಅಣೆಕಟ್ಟಿನ ಬಯಲುನೀರಿನ ಗಾಳಿಗೆಂದು ಅದನ್ನು ಇಮ್ಮಡಿ ಮಾಡಿದರೂ 40 ಪೌಂಡಿನ ಮೋಟಾರು ಧಾರಾಳವಾಯಿತು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಈ ಲೆಕ್ಕ ಉದ್ದನೆಯ ದೋಣಿಗೆ. ಹರಿಗೋಲಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಅದರ ಅಂಚಿಗೆ ಮೋಟಾರು ಕಟ್ಟಿದರೆ ಮುಂದೆ ಹೋಗುವುದಕ್ಕಿಂತ ಗಿರಗಿರನೆ ತಿರುಗುವುದೇ ಹೆಚ್ಚು. ಹರಿಗೋಲಿಗೆ ಹುಟ್ಟೇ ಲೇಸು.

ಬ್ಯಾಟರಿಯೆಂಬ ಕೆರೆ

ಬ್ಯಾಟರಿಯನ್ನು ಒಂದು ಕೆರೆಯೆಂದು ತಿಳಿಯಿರಿ. ಕೆರೆಯಲ್ಲಿರುವ ನೀರು ‘ಆಂಪಿಯರ್-ಗಂಟೆ’. ತೂಬಿನಲ್ಲಿ ಹರಿಯುವ ನೀರು ‘ಆಂಪಿಯರ್’. ನೀರು ನಿಂತ ಎತ್ತರ ‘ವೋಲ್ಟು’. 40 ಪೌಂಡಿನ ಮೋಟಾರು ಪೂರ್ಣ ವೇಗದಲ್ಲಿ ಸುಮಾರು 40 ಆಂಪಿಯರ್ ಎಳೆಯುತ್ತದೆ. 55 ಪೌಂಡಿನದು 50 ಆಂಪಿಯರ್. ಹಾಗಾದರೆ 100 ಆಂಪಿಯರ್-ಗಂಟೆಯ ಬ್ಯಾಟರಿ ದೊಡ್ಡ ಮೋಟಾರನ್ನು ಎರಡು ಗಂಟೆ ಓಡಿಸಬೇಕಲ್ಲವೆ? ಓಡಿಸುವುದಿಲ್ಲ. ಕೆರೆಯಲ್ಲಿ ತೂಬಿನ ಕೆಳಗಿನ ನೀರು ಗದ್ದೆಗೆ ಬಾರದು. ಹಾಗೆಯೇ ಸೀಸ ಮತ್ತು ಆಮ್ಲದ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಬೇಕು. ಅದಕ್ಕಿಂತ ಕೆಳಗಿಳಿಸುತ್ತ ಹೋದರೆ ಬ್ಯಾಟರಿಯ ಆಯುಸ್ಸು ಬೇಗನೆ ಸವೆಯುತ್ತದೆ. ಅಲ್ಲದೆ ತೂಬನ್ನು ಪೂರ್ತಿ ತೆರೆದು ಒಮ್ಮೆಗೇ ಎಳೆದರೆ ಇಂಥ ಬ್ಯಾಟರಿ ತನ್ನ ಲೆಕ್ಕಕ್ಕಿಂತ ಕಡಿಮೆಯನ್ನೇ ಕೊಡುತ್ತದೆ. ಎರಡು ಗಂಟೆಯೆಂದು ನಂಬಿ ಹೋದವನ ಮೋಟಾರು ಒಂದು ಗಂಟೆಯೊಳಗೇ ಏದುಸಿರು ಬಿಡುವುದು ಇದರಿಂದಲೇ.

ಟ್ರಾಕ್ಟರಿನ, ಲಾರಿಯ ಬ್ಯಾಟರಿಯ ಕೆಲಸವೇ ಬೇರೆ. ಇಂಜಿನ್ನನ್ನು ಎಬ್ಬಿಸಲು ಕೆಲವು ಕ್ಷಣ ಬಹಳ ಕೊಟ್ಟು, ಕೂಡಲೆ ಮತ್ತೆ ತುಂಬಿಕೊಳ್ಳಲೆಂದು ಅದರ ಸೀಸದ ಹಲಗೆಗಳನ್ನು ತೆಳ್ಳಗೆ ಮಾಡಿರುತ್ತಾರೆ. ಗಂಟೆಗಟ್ಟಲೆ ಬಸಿದರೆ ಆ ಹಲಗೆಗಳು ಉದುರುತ್ತವೆ. ದೋಣಿಗೆ ಬೇಕಾದುದು ಆಳವಾಗಿ ಬಸಿದರೂ ತಾಳುವ ‘ಡೀಪ್ ಸೈಕಲ್’ ಬ್ಯಾಟರಿ. ಮನೆಯ ಇನ್ವರ್ಟರಿಗೆ ಇಡುವ ಟ್ಯೂಬುಲರ್ ಬ್ಯಾಟರಿ ಈ ಜಾತಿಯದೇ. ಆದರೆ ಅದು ಎತ್ತರ, ಬಹು ಭಾರ, ದೋಣಿ ವಾಲಿದರೆ ಆಮ್ಲ ಚೆಲ್ಲುವ ಭಯವೂ ಉಂಟು.

ಒಂದು ದಿನದ ಲೆಕ್ಕ

40 ಪೌಂಡಿನ ಮೋಟಾರಿನ ನಮ್ಮ ಮೀನುಗಾರ ದಡದಿಂದ ಒಂದೂವರೆ ಕಿಲೋಮೀಟರು ದೂರದಲ್ಲಿ ಬಲೆ ಬಿಟ್ಟಿದ್ದಾನೆಂದು ಇಟ್ಟುಕೊಳ್ಳಿ.

ಹೋಗುವಾಗ ಮೆಲ್ಲನೆ ಅರ್ಧ ಗಂಟೆ, 18 ಆಂಪಿಯರಿನಂತೆ: 9.
ಬಲೆ ಎತ್ತುವಾಗ ಅತಿ ನಿಧಾನವಾಗಿ ಒಂದು ಗಂಟೆ, 8ರಂತೆ: 8.
ಬರುವಾಗ ಎದುರುಗಾಳಿಯಲ್ಲಿ ಪೂರ್ಣ ವೇಗ ಅರ್ಧ ಗಂಟೆ, 40ರಂತೆ: 20.
ಆಪತ್ತಿಗೆಂದು ಪೂರ್ಣ ವೇಗದ ಇನ್ನರ್ಧ ಗಂಟೆ: 20.

ಒಟ್ಟು 57 ಆಂಪಿಯರ್-ಗಂಟೆ. ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ನಮ್ಮದಾದುದರಿಂದ 120ರ ಬ್ಯಾಟರಿ ಬೇಕು. ಕೊನೆಯ 20ನ್ನು ಯಾರೂ ಬಿಡಬಾರದು. ಅದು ಗಾಳಿಗೆ ಇಟ್ಟ ಮೀಸಲು, ಬಿತ್ತನೆಯ ಬೀಜವಿದ್ದಂತೆ. ಹಸಿವಾಯಿತೆಂದು ಅದನ್ನು ತಿನ್ನುವ ಹಾಗಿಲ್ಲ.

ಈ ಲೆಕ್ಕದಲ್ಲಿ ಅಡಗಿರುವ ಲಾಭವನ್ನೂ ನೋಡಿರಿ. ದೋಣಿಯ ವೇಗವನ್ನು ಅರ್ಧಕ್ಕೆ ಇಳಿಸಿದರೆ ನೀರಿನ ತಡೆಗೆ ತೆರಬೇಕಾದ ಶಕ್ತಿ ಅರ್ಧಕ್ಕಲ್ಲ, ಹೆಚ್ಚು ಕಡಿಮೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಐದು ಮೆಟ್ಟಿಲಿನ ಹಳೆಯ ಬಗೆಯ ಮೋಟಾರು ವೇಗ ತಗ್ಗಿಸುವಾಗ ಉಳಿದ ವಿದ್ಯುತ್ತಿನ ಒಂದು ಪಾಲನ್ನು ಕಾವಾಗಿ ಸುಟ್ಟುಬಿಡುತ್ತದೆ. ಮೆಟ್ಟಿಲಿಲ್ಲದೆ ವೇಗ ತಿರುಗಿಸುವ ಹೊಸ ಬಗೆಯದು ಬೇಕಾದಷ್ಟನ್ನೇ ಎಳೆಯುತ್ತದೆ. ಮೋಟಾರು ಬದಲಿಸಲೇಬೇಕೆಂದಿದ್ದರೆ ಪೌಂಡು ಹೆಚ್ಚಿಸುವುದಕ್ಕಿಂತ ಈ ಬಗೆಗೆ ಹೋಗುವುದೇ ಮೇಲು.

ಸೀಸವೋ, ಲಿಥಿಯಮ್ಮೋ?

ಹೊಸೂರಿನವರಿಗೆ ಬ್ಯಾಟರಿ ದೂರದ ವಸ್ತುವಲ್ಲ. ಎಕ್ಸೈಡ್ ಬ್ಯಾಟರಿಯ ಕಾರ್ಖಾನೆ ಇಲ್ಲುಂಟು. ಏಥರ್ ವಿದ್ಯುತ್ ಸ್ಕೂಟರು ಇಲ್ಲಿಯೇ ತಯಾರಾಗುತ್ತದೆ. ಆ ಸ್ಕೂಟರಿನೊಳಗಿನ ಲಿಥಿಯಂ ಇಂದು ದೋಣಿಗೂ ಬಂದಿದೆ. ದೋಣಿಗೆ ಆರಿಸತಕ್ಕದ್ದು ಅದರಲ್ಲಿ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಎಂಬ ಬಗೆ. ಲಿಥಿಯಮ್ಮಿನ ಬೇರೆ ಬಗೆಗಳಿಗಿಂತ ಇದಕ್ಕೆ ಬೆಂಕಿಯ ಭಯ ಕಡಿಮೆ.

100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ 30 ಕಿಲೋ ತೂಗಿದರೆ ಇದು 12 ಕಿಲೋದ ಆಸುಪಾಸು. ಇದರಲ್ಲಿ ನೂರಕ್ಕೆ 80 ಪಾಲನ್ನು ನಿರ್ಭಯವಾಗಿ ಬಳಸಬಹುದು. ಆದ್ದರಿಂದ ಮೇಲಿನ 57ಕ್ಕೆ 80ರ ಬ್ಯಾಟರಿಯೇ ಸಾಕು. ಎರಡು ಸಾವಿರ ಸಲಕ್ಕೂ ಮೀರಿ ತುಂಬಿ ಬಸಿಯಬಹುದು. ಸಾಧಾರಣ ಸೀಸದ ಬ್ಯಾಟರಿ ಕೆಲವು ನೂರು ಸಲಕ್ಕೇ ಸೊರಗುತ್ತದೆ. ಕೊಳ್ಳುವಾಗ ಬೆಲೆ ಹೆಚ್ಚು ನಿಜ. ದಿನವೂ ನೀರಿಗಿಳಿಯುವವನಿಗೆ ಅದು ವರ್ಷಗಳ ಮೇಲೆ ಹಿಂದಿರುಗಬಹುದು. ವಾರಕ್ಕೊಮ್ಮೆ ಹೋಗುವವನಿಗೆ ಸೀಸವೇ ಸಾಕು.

ಲಿಥಿಯಂ ತಂದರೆ ಮೂರು ಎಚ್ಚರಿಕೆಗಳು ಬೇಕು. ಒಂದು: ಅದಕ್ಕೆ ತಕ್ಕ ಚಾರ್ಜರನ್ನೂ ತರಬೇಕು, ಸೀಸದ ಹಳೆಯ ಚಾರ್ಜರು ಅದಕ್ಕೆ ಹೊಂದುವುದೆಂದು ನೆಚ್ಚಬಾರದು. ಎರಡು: ಒಳಗಿರುವ ಕಾವಲು ಸಾಧನ ನಿಮ್ಮ ಮೋಟಾರು ಎಳೆಯುವುದಕ್ಕಿಂತ ಹೆಚ್ಚು ಆಂಪಿಯರನ್ನು ಎಡೆಬಿಡದೆ ಕೊಡಬಲ್ಲದೇ ಎಂದು ಅಂಗಡಿಯಲ್ಲಿಯೇ ಕೇಳಬೇಕು. ಮೂರು: ಸೀಸದ ಬ್ಯಾಟರಿ ಸೋಲುವ ಮೊದಲು ಮೋಟಾರು ಮಂದವಾಗಿ ಸುಳಿವು ಕೊಡುತ್ತದೆ, ಲಿಥಿಯಂ ಕೊನೆಯವರೆಗೂ ಜೋರಾಗಿ ಓಡಿಸಿ ತಟ್ಟನೆ ನಿಂತುಬಿಡುತ್ತದೆ. ಆದುದರಿಂದ ಖರ್ಚಾದ ಆಂಪಿಯರನ್ನು ಎಣಿಸಿ ತೋರಿಸುವ ಮೀಟರನ್ನು ಅದರೊಡನೆ ಹಾಕಿಸಲೇಬೇಕು.

ತಂತಿಯ ಸಂಗತಿ

ಹೊಸ ಮೋಟಾರಿಗೆ ಹಳೆಯ ತಂತಿಯನ್ನೇ ಜೋಡಿಸುವುದು ಎಲ್ಲರೂ ಮಾಡುವ ತಪ್ಪು. ಬ್ಯಾಟರಿ ಮೋಟಾರಿನಿಂದ 3 ಮೀಟರು ದೂರವಿದ್ದರೆ ಹೋಗಿಬರುವ ತಾಮ್ರದ ತಂತಿ 6 ಮೀಟರು. ಮನೆಗೆ ಎಳೆಯುವ 4 ಚದರ ಮಿಲಿಮೀಟರಿನ ತಂತಿಯಲ್ಲಿ 40 ಆಂಪಿಯರ್ ಹರಿದರೆ 12ರಲ್ಲಿ ಒಂದು ವೋಲ್ಟಿಗೂ ಹೆಚ್ಚು ದಾರಿಯಲ್ಲಿಯೇ ಸೋರುತ್ತದೆ. ಸುಮಾರು 44 ವಾಟು ಬರಿಯ ಕಾವಾಗುತ್ತದೆ. ಅದೇ 16 ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ 11 ವಾಟಿಗೆ ಇಳಿಯುತ್ತದೆ. “ಮೋಟಾರಿಗೆ ಬಲವಿಲ್ಲ” ಎಂಬ ದೂರು ಎಷ್ಟೋ ವೇಳೆ ತಂತಿ ಬದಲಿಸಿ, ಹಸಿರುಗಟ್ಟಿದ ಟರ್ಮಿನಲ್ಲುಗಳನ್ನು ಉಜ್ಜಿದೊಡನೆಯೇ ತೀರುತ್ತದೆ.

ಬ್ಯಾಟರಿಯ ಧನ ಟರ್ಮಿನಲ್ಲಿನಿಂದ ಗೇಣುದ್ದದೊಳಗೆ ಒಂದು ಫ್ಯೂಸು ಇರಬೇಕು: 40 ಪೌಂಡಿನ ಮೋಟಾರಿಗೆ 50 ಆಂಪಿಯರಿನದು, 55 ಪೌಂಡಿನದಕ್ಕೆ 60ರದು. ರೆಕ್ಕೆಗೆ ಅಂತರಗಂಗೆಯ ಬೇರು ಸುತ್ತಿ ಮೋಟಾರು ಸಿಕ್ಕಿಕೊಂಡಾಗ ತಂತಿ ಕಾದು ಬೆಂಕಿ ಹತ್ತದಂತೆ ಕಾಯುವುದು ಇದೇ. ಫ್ಯೂಸಿನ ಬದಲು ತಂತಿಯ ತುಂಡು ಸುತ್ತುವವನು ತನ್ನ ದೋಣಿಗೆ ತಾನೇ ಕೊಳ್ಳಿಯಿಟ್ಟಂತೆ.

24 ವೋಲ್ಟಿಗೆ ಹೋಗುವವರು ಒಂದೇ ಮಾದರಿಯ, ಒಂದೇ ವಯಸ್ಸಿನ ಎರಡು ಬ್ಯಾಟರಿಗಳನ್ನು ಒಟ್ಟಿಗೆ ಕೊಳ್ಳಬೇಕು. ಒಂದು ಹಳೆಯದು, ಒಂದು ಹೊಸದು ಕೂಡಿಸಿದರೆ ಮುದಿ ಎತ್ತನ್ನೂ ಹೋರಿಯನ್ನೂ ಒಂದೇ ನೊಗಕ್ಕೆ ಹೂಡಿದ ಹಾಗೆ, ಎರಡೂ ಕೆಡುತ್ತವೆ.

ನಿತ್ಯದ ಪಾಲನೆ

ದಡಕ್ಕೆ ಬಂದ ದಿನವೇ ಬ್ಯಾಟರಿಯನ್ನು ತುಂಬಿಸಿರಿ. ಬಸಿದ ಸೀಸದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಹಲಗೆಗಳ ಮೇಲೆ ಗಟ್ಟಿ ಬಿಳಿಪೊರೆ ಕಟ್ಟಿ ಶಕ್ತಿ ಕುಂದುತ್ತದೆ. ಕೆಲಸವಿಲ್ಲದೆ ತಣ್ಣಗಿರುವಾಗ ಮೀಟರು 12.7 ವೋಲ್ಟು ತೋರಿದರೆ ತುಂಬಿದೆ, 12.2ಕ್ಕೆ ಬಂದರೆ ಅರ್ಧವಾಗಿದೆ, ಇನ್ನು ಬಸಿಯಬೇಡಿರಿ. ತುಂಬುವಾಗ ಹೊಮ್ಮುವ ಜಲಜನಕ ಕಿಡಿ ತಗಲಿದರೆ ಸಿಡಿಯುವಂಥದು. ಗಾಳಿಯಾಡುವ ಕಡೆ ಇಡಿರಿ, ಹತ್ತಿರ ಬೀಡಿ ಹಚ್ಚಬೇಡಿರಿ. 100 ವಾಟಿನ ಸೌರಹಲಗೆ ಒಳ್ಳೆಯ ಬಿಸಿಲಿನ ದಿನ ಕೊಡುವುದು ಸುಮಾರು 400 ವಾಟ್-ಗಂಟೆ. 100ರ ಬರಿದಾದ ಬ್ಯಾಟರಿ ತುಂಬಲು ಅದಕ್ಕೆ ಮೂರು ದಿನ ಬೇಕು. ಅದನ್ನು ಸಹಾಯಕ್ಕೆ ಇಟ್ಟುಕೊಳ್ಳಿ, ಅದನ್ನೇ ನೆಚ್ಚಬೇಡಿರಿ.

ವಾರಕ್ಕೊಮ್ಮೆ ರೆಕ್ಕೆಯನ್ನು ಬಿಚ್ಚಿ ನೋಡಿರಿ. ಅದರ ಹಿಂದೆ ಸುತ್ತಿಕೊಂಡ ಬಲೆಯ ನೈಲಾನ್ ಎಳೆ ಒಳಗಿನ ರಬ್ಬರಿನ ತಡೆಯನ್ನು ಕೊಯ್ದು ಮೋಟಾರಿಗೆ ನೀರು ನುಗ್ಗಿಸುತ್ತದೆ. ಮುಳುಗಿದ ಮರದ ಬೊಡ್ಡೆಗೆ ತಗಲಿ ರೆಕ್ಕೆಯ ಪಿನ್ನು ಮುರಿಯುವುದುಂಟು. ಬದಲಿ ಪಿನ್ನು ಜೇಬಿನಲ್ಲಿರಲಿ. ಮೋಟಾರು ಹಿಂದಿದ್ದರೆ ಬ್ಯಾಟರಿಯನ್ನು ದೋಣಿಯ ನಡುವೆ ತಂದು, ಅಲುಗದಂತೆ ಕಟ್ಟಿರಿ. ದೋಣಿಗೆ ಮೋಟಾರು ಹಾಕುವ ಮೊದಲು ಮೀನುಗಾರಿಕೆ ಇಲಾಖೆಯವರನ್ನೂ ಅಣೆಕಟ್ಟಿನ ಅಧಿಕಾರಿಗಳನ್ನೂ ಕಂಡು ಅಪ್ಪಣೆ ಕೇಳುವುದು ಕ್ಷೇಮ.

ಕೊಳ್ಳುವ ಕ್ರಮ ಹೀಗಿರಲಿ: ಮೊದಲು ತಂತಿ ಮತ್ತು ಫ್ಯೂಸು, ಆಮೇಲೆ ತಕ್ಕ ಬ್ಯಾಟರಿ, ಅದಾದ ಮೇಲೆಯೂ ಕೊರತೆ ಕಂಡರೆ ಮಾತ್ರ ಹೊಸ ಮೋಟಾರು. ಎಷ್ಟೋ ಮಂದಿಗೆ ಮೂರನೆಯದರ ಖರ್ಚೇ ಉಳಿಯುತ್ತದೆ. ಏನೇ ಕೊಂಡರೂ ಒಂದು ಜೊತೆ ಹುಟ್ಟು, ತಲೆಗೊಂದು ಜೀವರಕ್ಷಕ ಜಾಕೀಟು ದೋಣಿಯಲ್ಲಿರಲಿ. ನಡುನೀರಿನಲ್ಲಿ ಯಂತ್ರ ಮುನಿದರೆ ದಡ ಸೇರಿಸುವುದು ಹಳೆಯ ಹುಟ್ಟೇ ಹೊರತು ಅಂಗಡಿಯ ರಸೀದಿಯಲ್ಲ.